ಜೊಂಡಿನ ಮಡುವಿಗೆ ಹೋಗುವುದು ಯಾರಿಗೆ ಗೊತ್ತಿತ್ತು

ಚಳಿಗಾಲದ ರವಿವಾರಗಳಲ್ಲಿ ನಾವು ಮೂವರು ಬೆಳಕು ಹರಿಯುವ ಮುನ್ನವೇ ಪುಣೆಯ ಅಂಚಿನ ಹಡಪಸರವನ್ನು ದಾಟಿಬಿಡುತ್ತಿದ್ದೆವು. ಕಾರು ಓಡಿಸುವವರು ನಮ್ಮ ಕಟ್ಟಡದ ಮೇಲಿನ ಮಹಡಿಯ ಕಾಕಾ. ವಿಜಯಪುರದ ಕಡೆಯವರು, ವಿಮೆ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕಾಕು, ತೊಡೆಯ ಮೇಲೆ ಚಹದ ಥರ್ಮಾಸು. ಮುಂದೆ, ಕೊರಳಿಗೆ ದುರ್ಬೀನು ಹಾಕಿಕೊಂಡು ನಾನು. ನಮ್ಮೊಳಗೆ ರಕ್ತಸಂಬಂಧವೇನೂ ಇಲ್ಲ. ನಾನು ಧಾರವಾಡದಿಂದ ಬಂದು ಈ ಕಟ್ಟಡ ಸೇರಿದ ದಿನ ಮೆಟ್ಟಿಲಲ್ಲಿ ನನ್ನ ಕನ್ನಡ ಕೇಳಿ ಬಾಗಿಲು ತೆರೆದವರು ಅವರು. ಅಂದಿನಿಂದ ಕಾಕಾ, ಕಾಕು ಎಂಬ ಹೆಸರುಗಳು ನಿಂತವು.

ಸೊಲ್ಲಾಪುರ ರಸ್ತೆ ಬಯಲಿಗೆ ತೆರೆದುಕೊಳ್ಳುತ್ತಿದ್ದಂತೆ ಕಾಕಾ ಹಕ್ಕಿಗಳನ್ನು ನೋಡುತ್ತಿದ್ದರು, ನಾನು ತಪ್ಪುಗಳನ್ನು ನೋಡುತ್ತಿದ್ದೆ. ನಾಲೆಗೆ ಬಿಟ್ಟ ಕಪ್ಪು ನೀರು. ಹೊಲದ ಬದುವಿನಲ್ಲಿ ಹೊಗೆಯಾಡುವ ಪ್ಲಾಸ್ಟಿಕ್ ಗುಡ್ಡೆ. ಹಿಂಬದಿಗೆ ಒಂದು ಕೆಂಪು ದೀಪವೂ ಇಲ್ಲದೆ ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರು. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದೇ ಕುಡುಗೋಲು, ಒಂದು ‘ಕೋಯ್ತಾ’ ಎಂದು ಎಣಿಸಿ ಒಂದೇ ಕೂಲಿ ಕೊಡುವ ಕಬ್ಬಿನ ಗುತ್ತಿಗೆದಾರರ ಪದ್ಧತಿ. ಫೋನಿನಲ್ಲಿ ಧ್ವನಿಮುದ್ರಿಸಿದ ಕೂಗನ್ನು ಹಾಕಿ ಹಕ್ಕಿಯನ್ನು ಪೊದೆಯಿಂದ ಹೊರಗೆಳೆದು ಚಿತ್ರ ತೆಗೆಯುವ ನಮ್ಮದೇ ಹವ್ಯಾಸಿಗಳು. ಒಂದೊಂದನ್ನೂ ನಾನು ಹೆಸರಿಟ್ಟು ಹೇಳುತ್ತ ಹೋಗುತ್ತಿದ್ದೆ.

"ನಮ್ಮವ್ವಾ," ಎನ್ನುತ್ತಿದ್ದರು ಕಾಕಾ, "ಇವತ್ತಿನ ತಪ್ಪು ಯವತ್ ಬರೂದರಾಗ ಮುಗೀತಾವೇನು, ಇಲ್ಲಾ ಪೆಟ್ರೋಲ್ ಇನ್ನಷ್ಟು ಹಾಕಿಸ್ಲ್ಯಾ?"

"ನಗಬ್ಯಾಡ್ರಿ ಕಾಕಾ. ಹೇಳದಿದ್ರ ಯಾರ ಹೇಳ್ಬೇಕು?"

"ಹೇಳವ್ವಾ, ಹೇಳು. ಆದ್ರ ಎಡಕ್ಕ ನೀಲಕಂಠ ಕುಂತದ, ಅದನ್ನೂ ಒಂದಿಷ್ಟು ನೋಡು."

ನಾನು ಕಲಿತ ಶಾಲೆ ಹಾಗಿತ್ತು. ಅಲ್ಲಿ ಪರೀಕ್ಷೆಗಿಂತ ಸಭೆಗೆ ಬೆಲೆ ಹೆಚ್ಚು. ವಾರದ ಕೊನೆಗೆ ಗುರುಗಳೂ ಮಕ್ಕಳೂ ಒಂದೇ ಜಮಖಾನೆಯ ಮೇಲೆ ದುಂಡಗೆ ಕುಳಿತು, ತಾವು ಕಂಡ ಅನ್ಯಾಯವನ್ನು ಅದನ್ನು ಮಾಡಿದವರ ಎದುರಿಗೇ ಹೇಳಬೇಕಿತ್ತು. ಬೆನ್ನ ಹಿಂದೆ ಹೇಳಿದರೆ ಹೇಳಿದವರದೇ ತಪ್ಪು. ಆ ಶಿಸ್ತನ್ನು ನಾನು ಈಗಲೂ ಸರಿಯೆಂದೇ ನಂಬಿದ್ದೇನೆ.

ಯವತ್ ದಾಟಿ ಕಾಲುವೆಯ ಪಕ್ಕದ ಮಣ್ಣುದಾರಿಗೆ ಇಳಿದರೆ ಜೊಂಡಿನ ಮಡು ಸಿಗುತ್ತದೆ. ಕಾಲುವೆಯಿಂದ ಬಸಿದ ನೀರು ತಗ್ಗಿನಲ್ಲಿ ನಿಂತು, ವರ್ಷಗಳು ಕಳೆದು, ತಾನಾಗಿ ಹುಟ್ಟಿದ ಜೌಗು ಅದು. ಆಳೆತ್ತರದ ಜೊಂಡು, ಅದರ ಬುಡದಲ್ಲಿ ಕೆಂಪು ಕೊಕ್ಕಿನ ನೇರಳೆ ಜಂಬುಕೋಳಿಗಳು, ಮೇಲೆ ಗಾಳಿಯನ್ನು ತಬ್ಬಿ ತೇಲುವ ಜೌಗು ಗಿಡುಗ. ಒಂದು ಬದಿಗೆ ಜೋಳದ ಹೊಲ, ಇನ್ನೊಂದು ಬದಿಗೆ ಕಬ್ಬು. ಮಡು ಇರುವುದು ಊರಿನ ಗಾಯರಾಣದಲ್ಲಿ, ದನ ಮೇಯಲೆಂದು ಬಿಟ್ಟ ಸಾರ್ವಜನಿಕ ಜಾಗದಲ್ಲಿ. ಅದಕ್ಕೆ ಯಾರೂ ವಾರಸುದಾರರಿಲ್ಲ. ಅದೇ ಅದರ ದುರದೃಷ್ಟ.

ಕಳೆದ ಚಳಿಗಾಲದ ಆರಂಭದಲ್ಲಿ ಮಡುವಿನ ಆಚೆಯ ದಂಡೆಯಲ್ಲಿ ಮುರುಮಿನ, ಕೆಂಪು ಗರಸು ಮಣ್ಣಿನ, ಗುಡ್ಡೆಗಳು ಕಂಡವು. ವಾರದಿಂದ ವಾರಕ್ಕೆ ಜೊಂಡು ಹಿಂದೆ ಸರಿಯಿತು, ಕೆಂಪು ನೆಲ ಮುಂದೆ ಬಂತು. ನಾನು ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆ. ಸಂಬಂಧಪಟ್ಟ ಗುಮಾಸ್ತ ಅದನ್ನು ಓದಿ, ಮರಾಠಿಯಲ್ಲಿ, ಬಹಳ ಸೌಜನ್ಯದಿಂದ ಹೇಳಿದ: "ಮಣ್ಣು ಬಿದ್ದಿದೆ ಎನ್ನುತ್ತೀರಿ, ತಾಯಿ. ಯಾರು ಹಾಕಿದರು? ಹಾಕುವಾಗಿನ ಚಿತ್ರ ತನ್ನಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಅರ್ಜಿ ಮುಕ್ತಾಯವಾಗುತ್ತದೆ." ಅಂದರೆ ಟಿಪ್ಪರು ಮಡುವಿಗೆ ಮಣ್ಣು ಸುರಿಯುವುದನ್ನು ನಾನು ಕಣ್ಣಾರೆ ಕಂಡು ಚಿತ್ರ ತೆಗೆಯಬೇಕು. ತೆಗೆಯದಿದ್ದರೆ ಮಡು ಹೋದಂತೆಯೇ.

ನಾವು ಹೋದಾಗಲೆಲ್ಲ ಮಡು ನಿಶ್ಶಬ್ದ. ಟಿಪ್ಪರಿಲ್ಲ, ಆಳಿಲ್ಲ. ಆದರೆ ಗಾಲಿಯ ಗುರುತುಗಳಲ್ಲಿ ನೀರು ಇನ್ನೂ ಕದಡಿಕೊಂಡೇ ಇರುತ್ತಿತ್ತು. ದಂಡೆಯ ಮೇಲೆ ಚಹ ಕುಡಿದು ಎಸೆದ ಕಾಗದದ ಲೋಟಗಳು, ಇರುವೆ ಕೂಡ ಮುತ್ತದಷ್ಟು ಹೊಸವು. ಕಾಲುವೆಯ ಮೇಲೆ ಸಿಕ್ಕ ಹಾಲಿನವನನ್ನು ಕೇಳಿದರೆ, "ದಿನಾ ಬೆಳಗ್ಗೆ ನಡೆದೇ ಇರುತ್ತದೆ ಕೆಲಸ, ರವಿವಾರವೂ," ಎಂದ. ನಾವು ಬರುವ ರವಿವಾರ ಮಾತ್ರ ಇರುವುದಿಲ್ಲ. ಒಮ್ಮೆಯಾದರೆ ಆಕಸ್ಮಿಕ ಎನ್ನಬಹುದು. ಪ್ರತಿಸಲವೂ ಹಾಗೇ ಆದಾಗ ಯಾರೋ ಸುದ್ದಿ ಕೊಡುತ್ತಿದ್ದಾರೆಂದು ನನಗೆ ಖಚಿತವಾಯಿತು.

ಹಕ್ಕಿ ನೋಡುವವರಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ: ಗೂಡಿನ ಜಾಗ, ಹಕ್ಕಿಗಳು ರಾತ್ರಿ ಇಳಿಯುವ ಜಾಗ, ಇವನ್ನು ಹೊರಗೆ ಹೇಳಬಾರದು. ಹೇಳಿದರೆ ಮರುದಿನವೇ ಹುಲ್ಲಿನ ಮೇಲೆ ಕಾರುಗಳು ಹರಿಯುತ್ತವೆ. ಆದ್ದರಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನು "ನಾಳೆ ಪೂರ್ವದ ಕಡೆ" ಎಂದಷ್ಟೇ ಬರೆಯುತ್ತಿದ್ದೆ. ಪೂರ್ವವೆಂದರೆ ಭಿಗವಣದ ಹಿನ್ನೀರೂ ಆಗಬಹುದು, ದೌಂಡಿನ ಬಯಲೂ ಆಗಬಹುದು. ಆದರೂ ಮೊದಲು ಗುಂಪನ್ನೇ ಶಂಕಿಸಿದೆ, ಒಂದು ವಾರ ಅಲ್ಲಿ ಏನನ್ನೂ ಬರೆಯದೆ, ಶನಿವಾರ ಸಂಜೆ ಮೆಟ್ಟಿಲ ಬಳಿ ಕಾಕಾ ಒಬ್ಬರಿಗೇ ತಗ್ಗಿದ ದನಿಯಲ್ಲಿ ಹೇಳಿದೆ: "ನಾಳೆ ಮಡು."

ಮರುದಿನ ಮಡು ಖಾಲಿ. ಒಂದು ಹಳದಿ ಸಿಪಿಲೆ ಹಕ್ಕಿ, ಆಗಷ್ಟೇ ಸುರಿದ ಮುರುಮಿನ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿತ್ತು.

ಒಮ್ಮೆ ಸಂಶಯ ಹೊಕ್ಕರೆ ಮನುಷ್ಯನ ಪ್ರತಿಯೊಂದು ಚಲನೆಯೂ ಸಾಕ್ಷಿಯಾಗುತ್ತದೆ. ಕಾಲುವೆಯ ತಿರುವಿನಲ್ಲಿ ಕಾಕಾ ಉದ್ದಕ್ಕೆ ಹಾರ್ನ್ ಬಾರಿಸುವುದನ್ನು ಎಷ್ಟೋ ವರ್ಷಗಳಿಂದ ಕೇಳಿದ್ದೆ; ಈಗ ಅದು ಸಂಕೇತದಂತೆ ಕೇಳಿಸಿತು. ಯವತ್‌ನಲ್ಲಿ ಕಾರು ನಿಲ್ಲಿಸಿ ಫೋನು ಕಿವಿಗೆ ಹಚ್ಚಿಕೊಂಡು ಆಚೆ ಹೋಗುವುದು. ಅವರ ಅಕ್ಕನ ಮಗ ಹಿಂಜವಾಡಿಯ ಕಡೆ ಕಟ್ಟಡಗಳಿಗೆ ಉಸುಕು, ಖಡಿ ಪೂರೈಸುವುದು. ಎರಡು ವಾರದ ಹಿಂದೆ "ಈ ಸಲ ಜೇಜುರಿ ಕಡೆ ಹೋಗೂಣೇನು, ಖಂಡೋಬಾನ ದರ್ಶನಾನೂ ಆಗ್ತದ" ಎಂದು ಅವರೇ ದಾರಿ ಬದಲಿಸಲು ನೋಡಿದ್ದು. ಎಲ್ಲವೂ ಒಂದಕ್ಕೊಂದು ಕೊಂಡಿಯಾಗಿ ಕೂಡಿಕೊಂಡವು. ಕಾರಿನ ಕನ್ನಡಿಯಲ್ಲಿ ಅವರ ಕಣ್ಣನ್ನು ಕದ್ದು ನೋಡತೊಡಗಿದೆ. ನಮ್ಮ ಶಾಲೆಯ ಜಮಖಾನೆಯ ಮೇಲೆ ಇಂಥ ನೋಟಕ್ಕೆ ಜಾಗವಿರಲಿಲ್ಲ. ಕೊನೆಗೆ, ತಿಂಗಳು ಮುಗಿಯಲು ಬಂದಾಗ, ಮಡುವಿನಿಂದ ಬರಿಗೈಲಿ ಮರಳುವ ದಾರಿಯಲ್ಲಿ ನೇರವಾಗಿ ಕೇಳಿಬಿಟ್ಟೆ.

"ಕಾಕಾ, ನಾವು ಬರೂದು ಅವರಿಗೆ ಮೊದಲ ಗೊತ್ತಾಗ್ತದ. ಹೋದ ಸಲ ನಿಮಗೊಬ್ಬರಿಗೇ ಹೇಳಿದ್ದೆ. ನೀವು ಯಾರಿಗರೆ ಹೇಳೀರೇನು?"

ಕಾಕಾ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಸಿಟ್ಟಾಗಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಅಂದ್ರ ನಂದೂ ಇವತ್ತಿನ ತಪ್ಪಿನ ಯಾದ್ಯಾಗ ಬಂತು."

"ಹಂಗಲ್ರಿ..."

"ಹಂಗs ಅದ, ಇರ್ಲಿ. ಕೇಳಿದ್ದು ಛೊಲೋ ಆತು. ನಾ ಯಾರಿಗೂ ಹೇಳಿಲ್ಲವ್ವಾ."

ಹಿಂದಿನಿಂದ ಕಾಕು ನಕ್ಕುಬಿಟ್ಟರು. "ಇವರ ಮ್ಯಾಲ ಸಂಶಯಾನs ತಂಗಿ? ಮುಂಜಾನಿ ಏನ್ ನಾಷ್ಟಾ ಮಾಡಿದ್ನಿ ಅಂತ ಮಧ್ಯಾನ್ಹಕ್ಕ ನೆನಪಿರೂದಿಲ್ಲ ಇವರಿಗೆ. ಇವರು ಗುಟ್ಟು ಮುಟ್ಟಸ್ತಾರಂತ! ನಾಳೆ ಮಡು ಅಂತ ಇವರು ಮನ್ಯಾಗ ಅಂದ್ರ, ನಾ ಅಷ್ಟs ಶನಿವಾರ ಸಂಜಿಕೆ ಜೋಳದ ಹೊಲದಾಕಿಗೊಂದು ಫೋನ್ ಮಾಡ್ತೀನಿ, ಸೀತನಿ ತೆನಿ ಸಲುವಾಗಿ."

ನಾನು ಹಿಂದಕ್ಕೆ ತಿರುಗಿದೆ. "ಯಾಕ, ಶನಿವಾರನs ಯಾಕ ಮಾಡ್ತೀರಿ?"

"ಮತ್ತ? ಬೆಳಿಗ್ಗೆ ತೆನಿ ಮುರಿದು, ಗುಂಡಿ ಹಚ್ಚಿ, ಸುಟ್ಟು ತಿಕ್ಕಿ ಕೊಡ್ಬೇಕಲ್ಲ. ಮತ್ತ ಮಾಲಕನ್ನ ಕೇಳದ ಆಕಿ ಒಂದ ತೆನಿ ಮುರ್ಯಾಂಗಿಲ್ಲ, ಪಾಪ. ಅಂವಗ ಫೋನ್ ಮಾಡಿ, ಪುಣೆದವರು ಬರ್ತಾರ್ರಿ, ಮುರೀಲ್ಯಾ ಅಂತ ಕೇಳಿನs ಮುರೀಬೇಕು."

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮಡುವಿನ ಈಚೆಗಿರುವ ಜೋಳದ ಹೊಲದಲ್ಲಿ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಹೊಲ ಕಾಯಲು ಯಾದಗಿರಿಯ ಕಡೆಯ ಗಂಡ ಹೆಂಡತಿ ಇದ್ದರು. ಹಿಂದೊಮ್ಮೆ ಅವಳು ಕೋಳಿಗಳನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ ಕಾಕು ಕಾರಿನಿಂದ ಇಳಿದುಹೋಗಿದ್ದರು. ಅಂದಿನಿಂದ ಹಾಲ್ಗಾಳಿನ ಜೋಳದ ತೆನೆಯನ್ನು ಗುಂಡಿಯೊಳಗಿನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಯೊಂದಿಗೆ ತಿನ್ನುವುದು ನಮ್ಮ ರವಿವಾರದ ಭಾಗವಾಯಿತು. ಪುಣೆಯವರು ಅದನ್ನು ಹುರ್ಡಾ ಎನ್ನುತ್ತಾರೆ, ಕಾಕುವಿನ ಊರಲ್ಲಿ ಸೀತನಿ. ಹೊಲದ ಮಾಲಕ ನಗರದಲ್ಲಿರುತ್ತಾನೆ. ಅವನನ್ನು ನಾವು ನೋಡಿಯೇ ಇರಲಿಲ್ಲ. ಮುರುಮು ಬೀಳುತ್ತಿದ್ದುದು ಆಚೆಯ ದಂಡೆಗೆ, ಆದ್ದರಿಂದ ಅವನನ್ನು ಶಂಕಿಸಲು ಕಾರಣವಿರಲಿಲ್ಲ. ಕಾಕುವನ್ನಂತೂ ಸುದ್ದಿ ಹೋಗುವ ದಾರಿಯಲ್ಲಿ ನಾನು ಎಣಿಸಿಯೇ ಇರಲಿಲ್ಲ. ಮನೆಯ ಹೆಂಗಸನ್ನು ಹೀಗೆ ಲೆಕ್ಕಕ್ಕೇ ಹಿಡಿಯದ ತಪ್ಪನ್ನು ಬೇರೆಯವರಲ್ಲಿ ಕಂಡಿದ್ದರೆ ನಾನು ಹೆಸರಿಟ್ಟು ಹೇಳದೆ ಬಿಡುತ್ತಿರಲಿಲ್ಲ.

"ಮುಂದಿನ ವಾರ ಫೋನ್ ಮಾಡಬ್ಯಾಡ್ರಿ, ಕಾಕು," ಎಂದೆ.

"ಹೇಳದ ಕೇಳದ ಒಬ್ಬರ ಒಲಿ ಮುಂದ ಹೋಗಿ ಕುಂದ್ರೂದಾ? ನಮ್ಮತ್ತಿ ಇದ್ದಿದ್ರ ನನ್ನ ಕಾಲ ಮುರೀತಿದ್ಲು."

"ಒಂದ ಸಲ."

"ಕಳ್ಳರಂಗ," ಎಂದರು ಕಾಕು. ಅಷ್ಟೇ. ಫೋನು ಮಾಡಲಿಲ್ಲ.

ಮುಂದಿನ ರವಿವಾರ ಕಾಕಾ ಕಾಲುವೆಯ ತಿರುವಿನಲ್ಲಿ ಹಾರ್ನ್ ಬಾರಿಸಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಕೈಯನ್ನು ಸ್ಟಿಯರಿಂಗಿನ ಮೇಲೆಯೇ ಇಟ್ಟುಕೊಂಡರು. ಧೂಳು ನಮಗೆ ದೂರದಿಂದಲೇ ಕಂಡಿತು. ಟಿಪ್ಪರೊಂದು ಹಿಂದಕ್ಕೆ ಸರಿದು, ಬೆನ್ನೆತ್ತಿ, ಜೊಂಡಿನ ಮೇಲೆ ಮುರುಮು ಸುರಿಯಿತು. ಜಂಬುಕೋಳಿಗಳು ಉದ್ದ ಕಾಲು ಜೋತುಬಿಟ್ಟು ಒದ್ದಾಡುತ್ತ ಹಾರಿ, ಸ್ವಲ್ಪ ಆಚೆಗೆ ಬಿದ್ದವು. ನಾನು ಕಾರಿನೊಳಗಿಂದಲೇ ಚಿತ್ರಗಳನ್ನು ತೆಗೆದೆ: ಟಿಪ್ಪರು, ಅದರ ಫಲಕ, ಬೀಳುತ್ತಿರುವ ಮಣ್ಣು. ಖಾಲಿಯಾದ ಟಿಪ್ಪರು ಮಡುವನ್ನು ಬಳಸಿ ಬಂದು ಹೊರಗೆ ಹೋದದ್ದು ಆ ಜೋಳದ ಹೊಲದ ಗೇಟಿನಿಂದ. ಮಾಲಕನಿಗೆ ಗೊತ್ತಿಲ್ಲದೆ ಆ ಗೇಟು ತೆರೆಯುವುದಿಲ್ಲ. ಅದರ ಚಿತ್ರವನ್ನೂ ತೆಗೆದೆ. ಅಲ್ಲಿಯೇ ಎಲ್ಲವನ್ನೂ ತಾಲೂಕು ಕಚೇರಿಯ ಗುಮಾಸ್ತನಿಗೆ ಕಳುಹಿಸಿ, ಚಿತ್ರಗಳು ಮುಟ್ಟಿದ್ದನ್ನು ನೋಡಿಕೊಂಡೆ.

ಹೊರಟುಬಿಡಬಹುದಿತ್ತು. ಆದರೆ ಶೆಡ್ಡಿನ ಮುಂದೆ ಅವಳು ನಿಂತಿದ್ದಳು, ನಮ್ಮ ಕಾರನ್ನು ಗುರುತಿಸಿ.

"ಹಂಗs ಹೊಂಟೀರೇನ್ರಿ ಕಾಕೂರ?" ಎಂದು ಬಳಿಗೆ ಬಂದಳು. ಅವಳ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲಿತ್ತು. "ಈ ಸಲ ಯಾಕ್ರಿ ಹೇಳಿಲ್ಲ? ಹೇಳಿದ್ರ ಗುಂಡಿ ಹಚ್ಚಿಡ್ತಿದ್ನಿ."

ಕಾಕು ತಲೆ ತಗ್ಗಿಸಿದರು. ನಾನು ಕಾರಿನಿಂದ ಇಳಿದು, ಇದ್ದದ್ದನ್ನು ಇದ್ದಂತೆ ಹೇಳಿದೆ: ಮಡು ಸಾರ್ವಜನಿಕರದು, ಮುಚ್ಚುವುದು ಅಪರಾಧ, ನಮಗೆ ಚಿತ್ರ ಬೇಕಿತ್ತು. ಅವಳು ಕೇಳಿಸಿಕೊಂಡಳು.

"ಅದೆಲ್ಲಾ ಖರೆ ಇರಬೋದ್ರಿ ಅಕ್ಕೋರ. ಆದ್ರ ಈಗ ಮಾಲಕರು ಯಾರನ್ನ ಕೇಳ್ತಾರ? ನನ್ನನ್ನs ಕೇಳ್ತಾರ. ಪುಣೆದವರು ಬರೂದು ನಿನಗ ಗೊತ್ತಿತ್ತು, ಯಾಕ ಹೇಳಿಲ್ಲ ಅಂತಾರ."

"ನಿನಗ ಗೊತ್ತಿರಲಿಲ್ಲಲ್ಲ."

"ನನಗ ಗೊತ್ತಿರಲಿಲ್ಲ ಅಂಬೂದು ನಿಮಗ ಗೊತ್ತದರಿ."

ಟಿಪ್ಪರಿನವನು ಸುದ್ದಿ ಮುಟ್ಟಿಸಿರಬೇಕು. ಮಾಲಕ ಅಂದು ಊರಲ್ಲಿಯೇ ಇದ್ದನೆಂದು ತೋರುತ್ತದೆ, ಬೇಗನೆ ಮೋಟಾರ್ ಸೈಕಲ್ಲಿನಲ್ಲಿ ಬಂದ. ಮಧ್ಯವಯಸ್ಸಿನ ಶಾಂತ ಮನುಷ್ಯ. ಜಗಳವಾಡಲಿಲ್ಲ. "ಯಾ ತಾಯಿ, ಬಸಾ," ಎಂದು ಹಗ್ಗದ ಮಂಚವನ್ನು ನೆರಳಿಗೆ ಎಳೆದು ಕೂರಲು ಹೇಳಿ, ನೀರು ತರಿಸಿದ. ನಂತರದ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಸೊಳ್ಳೆ ಹೆಚ್ಚಾಗಿದೆ, ಊರಿನವರೇ ತಗ್ಗು ಮುಚ್ಚಲು ಹೇಳಿದರು ಎಂದ. ಊರಿನವರ ಠರಾವು ತೋರಿಸಿ ಎಂದೆ. ನಕ್ಕ. ಆಮೇಲೆ, ಬೇರೆಯೇ ಏನನ್ನೋ ನೆನೆಸಿಕೊಂಡವನಂತೆ ಹೇಳಿದ: "ನೀವು ಯಾವಾಗಲೂ ತಿಳಿಸಿಯೇ ಬರುತ್ತಿದ್ದಿರಿ."

ಇದಕ್ಕಾಗಿಯೇ ನಾನು ಕಾದಿದ್ದೆ. ಅವಳಿಗೆ ಕೇಳಿಸುವಂತೆ, ಎದ್ದು ನಿಂತು ಹೇಳಿದೆ: "ಈ ಸಲ ನಾವು ಯಾರಿಗೂ ತಿಳಿಸಿಲ್ಲ. ಇವಳಿಗಂತೂ ಇಲ್ಲವೇ ಇಲ್ಲ. ಬೇಕಾದರೆ ಆ ಗುಂಡಿಯನ್ನು ನೋಡಿ, ಬೂದಿ ತಣ್ಣಗಿದೆ. ನಾವು ಬರುವುದು ಗೊತ್ತಿದ್ದರೆ ಬೆಂಕಿ ಹಚ್ಚುತ್ತಿರಲಿಲ್ಲವೇ?"

ಮಾಲಕ ಗುಂಡಿಯನ್ನು ನೋಡಿದ.

"ಅದೇ, ತಾಯಿ," ಎಂದ. "ಗೊತ್ತಿದ್ದೂ ನನಗೆ ಹೇಳಬಾರದೆಂದು ಇದ್ದರೆ, ಬೆಂಕಿ ಹಚ್ಚುತ್ತಾಳೆಯೇ? ತೆನೆ ಮುರಿಯಲು ನನ್ನನ್ನು ಕೇಳಬೇಕಾಗುತ್ತಿತ್ತಲ್ಲ."

ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಮೇಜುಗಳ ಮುಂದೆ ವಾದ ಮಾಡಿದ್ದೇನೆ. ಮೆಟ್ಟಿಲ ಬಳಿಯ ಒಂದು ಮಾತಿನಿಂದ ನಾನು ಕಾಕಾರನ್ನು ಕಟ್ಟಿಹಾಕಿದ್ದ ತರ್ಕವೂ ಇದೇ ಮಾದರಿಯದು. ಅದು ಈಗ ಇನ್ನೊಬ್ಬನ ಬಾಯಲ್ಲಿ, ಅಷ್ಟೇ ಅಚ್ಚುಕಟ್ಟಾಗಿ, ಬಡವಳೊಬ್ಬಳ ಮೇಲೆ ತಿರುಗಿತ್ತು. ಹೆಂಗಸಿನ ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಮೂಲೆಯಿಂದ ಕುಳ್ಳು ತಂದು ಗುಂಡಿಯಲ್ಲಿ ಒಟ್ಟತೊಡಗಿದಳು.

"ಮಾಲಕ, ನಾಲ್ಕು ತೆನೆ ಮುರಿಯಲೇ?" ಎಂದು ಮರಾಠಿಯಲ್ಲಿ ಕೇಳಿದಳು.

"ಮುರಿ," ಎಂದ ಅವನು.

"ಉಂಡೇ ಹೋಗೂಣು," ಎಂದರು ಕಾಕು ನನಗಷ್ಟೇ ಕೇಳುವಂತೆ. "ಈಗ ಎದ್ದು ಹೋದ್ರ ಆಕಿನs ಕರಸಿದಂಗ ಕಾಣ್ತದ."

ಕುಳಿತೆವು. ಅವನ ಎದುರು, ಅವನ ಜೋಳವನ್ನು, ಅವಳ ಅಂಗೈಯಿಂದ ಬಿಸಿಬಿಸಿಯಾಗಿ ಇಸಿದುಕೊಂಡು ತಿಂದೆವು. ಅವಳ ಗಂಡ ದೂರದಲ್ಲಿ ನಿಂತು ಗೇಟನ್ನು ನೋಡುತ್ತಿದ್ದ. ಸೀತನಿ ಎಂದಿನಂತೆಯೇ ರುಚಿಯಾಗಿತ್ತು. ಅದನ್ನು ಹೇಳಲೂ ಮನಸ್ಸು ಹಿಂಜರಿಯುತ್ತದೆ.

ಅರ್ಜಿ ಮುಕ್ತಾಯವಾಗಲಿಲ್ಲ. ಸ್ಥಳಪರಿಶೀಲನೆಗೆ ಬರುವುದಾಗಿ ಗುಮಾಸ್ತ ತಿಳಿಸಿದ, ಆದರೆ ಯಾವ ದಿನ ಎಂದು ಹೇಳಲಿಲ್ಲ. ಹೇಳದಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಆ ವಾರವಿಡೀ ಯೋಚಿಸಿದೆ. ಅವನೂ ಯಾರಿಗಾದರೂ ಫೋನು ಮಾಡುವವನೇ ಇರಬಹುದು. ಶೆಡ್ಡಿನ ದಂಪತಿಗಳನ್ನು ಕೆಲಸದಿಂದ ತೆಗೆದರೆ ಎಲ್ಲಿಗೆ ದೂರು ಕೊಡಬಹುದೆಂದು ಪರಿಚಯದ ವಕೀಲೆಯೊಬ್ಬರನ್ನು ಕೇಳಿದೆ. ನೇಮಕದ ಕಾಗದವೇನಾದರೂ ಇದೆಯೇ ಎಂದು ಆಕೆ ಕೇಳಿದರು. ಇಲ್ಲ ಎಂದೆ.

ಶನಿವಾರ ಸಂಜೆ ಕಾಕು ಶೆಡ್ಡಿನವಳಿಗೆ ಫೋನು ಮಾಡಲಿಲ್ಲ. ಮಾಡುವುದೋ ಬಿಡುವುದೋ ತೋಚದೆ ಮೂವರೂ ಅವರ ಅಡುಗೆಮನೆಯಲ್ಲಿ ಚಹ ಕುಡಿಯುತ್ತ ಕುಳಿತಿದ್ದೆವು. ಆಗ ಫೋನು ತಾನೇ ಬಂತು. ಕಾಕು ಅದನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಕಾಕೂರ, ಆರಾಮ್ ಇದ್ದೀರೇನ್ರಿ?" ಅವಳ ದನಿ ಎಚ್ಚರದಿಂದ ನಡೆಯುವವರ ಹೆಜ್ಜೆಯಂತಿತ್ತು. "ನಾಳಿ ಬರ್ತೀರೇನ್ರಿ? ಮಾಲಕರು ಕೇಳಂದಾರ."

ಕಾಕು ಫೋನಿನ ಮೇಲೆ ಅಂಗೈ ಮುಚ್ಚಿ ನನ್ನನ್ನು ನೋಡಿದರು. "ಏನಂತ ಹೇಳ್ಲಿ?"

ಬರುತ್ತೇವೆ ಎಂದರೆ ನಾಳೆ ಒಂದು ದಿನ ಮಡು ಉಳಿಯುತ್ತದೆ. ಬರುವುದಿಲ್ಲ ಎಂದು ಹೇಳಿ ಹೋದರೆ, ಸುಳ್ಳು ಸುದ್ದಿ ಕೊಟ್ಟವಳು ಅವಳಾಗುತ್ತಾಳೆ. ನಾನು ಇನ್ನೂ ಲೆಕ್ಕ ಹಾಕುತ್ತಿದ್ದಾಗ ಕಾಕಾ ಚಹದ ಬಸಿಯನ್ನು ಕೆಳಗಿಟ್ಟರು.

"ದಿನಾ ಬರ್ತೀವಂತ ಹೇಳು," ಎಂದರು. "ನಂಗರೆ ಬ್ಯಾರೆ ಏನ್ ಕೆಲಸದ?"

ಕಾಕು ಕೈ ತೆಗೆದರು. "ನಾಳೀನೂ ಬರ್ತೀವವ್ವಾ, ನಾಡದೂ ಬರ್ತೀವಿ. ಪರಿಶೀಲನಾಕ್ಕ ಬರೂತನಾ ದಿನಾ ಬೆಳಿಗ್ಗೆ ಬರ್ತೀವಿ. ನಿಮ್ಮ ಮಾಲಕರಿಗೆ ಹಂಗs ಹೇಳು, ನಾನs ಹೇಳೀನಂತ ಹೇಳು."

"ದಿನಾನs?" ಎಂದಳು ಅವಳು. ನಗುವೊಂದು ಬಂದು ಅರ್ಧಕ್ಕೆ ನಿಂತಂತೆ ಕೇಳಿಸಿತು. "ತಡೀರಿ, ಕೇಳಿ ಹೇಳ್ತೀನಿ."

ಫೋನಿನ ಮೇಲೆ ಅವಳೂ ಕೈ ಮುಚ್ಚಿರಬೇಕು. ಆಚೆ ಯಾರು ಏನೆಂದರೋ, ನಮಗೆ ಕೇಳಿಸಲಿಲ್ಲ.